ಎಸೆಕ್ಸ್ ಪ್ರಭುವಿನ ಏಳುಬೀಳು

ಇಂಗ್ಲಿಷ್ ಸಾಹಿತ್ಯದ ಪರಿಚಯವುಳ್ಳವರಿಗೆ ಫ್ರಾನ್ಸಿಸ್ ಬೇಕನ್ನನ ಪ್ರಬಂಧಗಳು ಹೊಸವಲ್ಲ. 1597ರಲ್ಲಿ ಅವು ಮೊದಲು ಅಚ್ಚಾದಾಗ ಇದ್ದವು ಹತ್ತೇ ಪ್ರಬಂಧಗಳು. ಅವುಗಳಲ್ಲಿ ಹಿಂಬಾಲಕರನ್ನೂ ಸ್ನೇಹಿತರನ್ನೂ ಕುರಿತದ್ದು ಒಂದು. ಬೇಡಿಕೆ ಹೊತ್ತು ದೊಡ್ಡವರ ಬಾಗಿಲು ಕಾಯುವವರನ್ನು ಕುರಿತದ್ದು ಒಂದು. ಪಕ್ಷ ಪ್ರತಿಪಕ್ಷಗಳನ್ನು ಕುರಿತದ್ದು ಇನ್ನೊಂದು. ಮಾನ ಕೀರ್ತಿಗಳನ್ನು ಕುರಿತದ್ದು ಮತ್ತೊಂದು. ಓದುವವರಿಗೆ ಇವು ಲೋಕವನ್ನು ದೂರದಲ್ಲಿ ನಿಂತು ಕಂಡ ನಿರ್ಲಿಪ್ತನೊಬ್ಬನ ಚಿಂತನೆಗಳಂತೆ ತೋರುತ್ತವೆ. ಆದರೆ ಅವನ್ನು ಪ್ರಕಟಿಸಿದ ದಿನಗಳಲ್ಲಿ ಬೇಕನ್ ತಾನೇ ಒಬ್ಬ ದೊಡ್ಡವನ ಹಿಂಬಾಲಕನಾಗಿದ್ದನು, ಅವನ ಮೂಲಕ ಪದವಿಗಾಗಿ ಬೇಡಿ ನಿರಾಶನಾಗಿದ್ದನು. ಆ ದೊಡ್ಡವನೇ ಎಸೆಕ್ಸಿನ ಎರಡನೆಯ ಅರ್ಲ್ ಆದ ರಾಬರ್ಟ್ ಡೆವೆರೋ. ನಾಲ್ಕು ವರ್ಷಗಳ ತರುವಾಯ ಆ ಪ್ರಭು ರಾಜದ್ರೋಹದ ಆಪಾದನೆ ಹೊತ್ತು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ನಿಂತಾಗ, ಅವನಿಗೆ ಪ್ರತಿಕೂಲವಾಗಿ ವಾದಿಸಿದವರಲ್ಲಿ ಬೇಕನ್ನನೂ ಒಬ್ಬನಾಗಿದ್ದನು.

ಇಂಗ್ಲೆಂಡಿನ ರಾಜಾಸ್ಥಾನದಲ್ಲಿ ಏರಿ ಬಿದ್ದವರು ಎಷ್ಟೋ ಮಂದಿ. ಉಲ್ಸಿ, ಥಾಮಸ್ ಕ್ರಾಮ್‌ವೆಲ್, ರಾಲೀ, ಕೊನೆಗೆ ಬೇಕನ್ನನೂ ಆ ಸಾಲಿಗೆ ಸೇರಿದವರೇ. ಆದರೂ ಎಸೆಕ್ಸನ ಬಾಳಿನಲ್ಲಿ ಆ ಏಳುಬೀಳಿನ ಒಳಗುಟ್ಟು ಬಯಲಾಗುವಷ್ಟು ಸ್ಪಷ್ಟವಾಗಿ ಬೇರೊಬ್ಬರ ಬಾಳಿನಲ್ಲಿ ಆಗುವುದಿಲ್ಲ.

ಆಸ್ಥಾನದ ಬದುಕು

ಆ ಆಸ್ಥಾನದ ಸ್ವರೂಪವನ್ನು ಮೊದಲು ಅರಿಯದಿದ್ದರೆ ಈ ಕಥೆ ಒಬ್ಬ ದುಡುಕು ಸ್ವಭಾವದ ಯುವಕನ ಕಥೆಯಾಗಿ ಮಾತ್ರ ಕಾಣುತ್ತದೆ. ಎಲಿಜಬೆತ್ ರಾಣಿ 1558ರಲ್ಲಿ ಪಟ್ಟವೇರಿ 44 ವರ್ಷಗಳಿಗೂ ಹೆಚ್ಚು ಕಾಲ ಆಳಿದಳು. ಅವಳ ತಾತನ ಕಾಲದಿಂದಲೇ ಶ್ರೀಮಂತ ಪ್ರಭುಗಳ ಸ್ವಂತ ಸೈನ್ಯಗಳ ಬಲ ಕುಗ್ಗುತ್ತ ಬಂದಿತ್ತು. ಬೆಲೆಗಳು ಏರುತ್ತಿದ್ದವು, ಜಮೀನಿನ ಹುಟ್ಟುವಳಿಯೊಂದರಿಂದಲೇ ಅರ್ಲ್ ಪದವಿಗೆ ತಕ್ಕ ಮನೆತನ ನಡೆಸುವುದು ಕಷ್ಟವಾಗಿತ್ತು. ಹೀಗಾಗಿ ಪ್ರಭುಗಳೆಲ್ಲ ಸಿಂಹಾಸನದ ಕಡೆಗೆ ಮುಖ ಮಾಡಿದರು. ಅಲ್ಲಿ ದೊರೆಯುತ್ತಿದ್ದುದು ಏನು? ಪದವಿಗಳು, ಸುಂಕ ವಸೂಲಿಯ ಗುತ್ತಿಗೆಗಳು, ಒಂದೊಂದು ಸರಕಿನ ಏಕಸ್ವಾಮ್ಯಗಳು, ತಂದೆಯಿಲ್ಲದ ಪ್ರಭುಕುಮಾರರ ಪಾಲನಾಧಿಕಾರ. ಇವೆಲ್ಲವೂ ರಾಣಿಯ ಕೈಯಲ್ಲಿದ್ದವು. ರಾಣಿಯೋ ಮಿತವ್ಯಯಿ. ಒಬ್ಬನಿಗೆ ಕೊಟ್ಟರೆ ಹತ್ತು ಮಂದಿಯ ಆಸೆ ಮುರಿಯುತ್ತಿತ್ತು.

ಆದ್ದರಿಂದ ಅವಳ ಕಣ್ಣಿಗೆ ಬೀಳುವುದೇ ಒಂದು ಬಂಡವಾಳವಾಯಿತು. ವೈಟ್‌ಹಾಲ್, ಗ್ರೀನಿಚ್, ರಿಚ್‌ಮಂಡ್, ನಾನ್‌ಸಚ್ ಅರಮನೆಗಳಲ್ಲಿ ಯಾವ ಬಾಗಿಲಿನವರೆಗೆ ಯಾರಿಗೆ ಪ್ರವೇಶ ಎಂಬುದರ ಮೇಲೆ ಮನುಷ್ಯನ ಬೆಲೆ ನಿಂತಿತ್ತು. ನಮ್ಮ ಭಾಷೆಯಲ್ಲಿ ಪ್ರಸಾದ ಎಂಬ ಮಾತಿಗೆ ಒಲವು ಎಂಬ ಅರ್ಥವೂ ಉಂಟು, ಆ ಒಲವಿನಿಂದ ಕೈಗೆ ಬಂದ ವಸ್ತು ಎಂಬ ಅರ್ಥವೂ ಉಂಟು. ಎಲಿಜಬೆತ್ತಳ ಆಸ್ಥಾನದಲ್ಲಿ ಈ ಎರಡೂ ಬೇರೆಯಾಗಿರಲಿಲ್ಲ. ಒಲವು ಹೋದರೆ ವಸ್ತುವೂ ಹೋಗುತ್ತಿತ್ತು. ಎಸೆಕ್ಸ್ ಬಾಳೆಲ್ಲ ಮರೆತದ್ದು ಈ ಒಂದು ಸಂಗತಿಯನ್ನು.

ಏರುಗಾಲ

ಅವನು ಹುಟ್ಟಿದ್ದು 1565ರ ನವೆಂಬರಿನಲ್ಲಿ. ತಂದೆ ವಾಲ್ಟರ್ ಡೆವೆರೋ ಐರ್ಲೆಂಡಿನ ಉತ್ತರ ಭಾಗದಲ್ಲಿ ಇಂಗ್ಲಿಷರನ್ನು ನೆಲೆಗೊಳಿಸುವ ಸಾಹಸಕ್ಕೆ ಕೈಹಾಕಿ, ಆಸ್ತಿಯನ್ನು ಸಾಲಕ್ಕೆ ಒಡ್ಡಿ, ಏನನ್ನೂ ಸಾಧಿಸಲಾರದೆ 1576ರಲ್ಲಿ ಡಬ್ಲಿನ್ ನಗರದಲ್ಲಿ ಆಮಶಂಕೆಯಿಂದ ತೀರಿಕೊಂಡನು. ಹತ್ತು ವರ್ಷದ ಬಾಲಕನಿಗೆ ಅರ್ಲ್ ಪದವಿಯೂ ತಂದೆಯ ಸಾಲವೂ ಒಟ್ಟಿಗೆ ಬಂದವು. ತಾಯಿ ಲೆಟಿಸ್ ನೋಲಿಸ್ ರಾಣಿಯ ಹತ್ತಿರದ ಸಂಬಂಧಿ. ಆದರೆ 1578ರಲ್ಲಿ ಅವಳು ರಾಣಿಯ ಪ್ರೀತಿಪಾತ್ರನಾದ ಲೆಸ್ಟರ್ ಪ್ರಭುವನ್ನು ಗುಟ್ಟಾಗಿ ಮದುವೆಯಾದಳು. ರಾಣಿ ಅದನ್ನು ಕ್ಷಮಿಸಲಿಲ್ಲ. ಲೆಟಿಸಳಿಗೆ ಆಸ್ಥಾನದ ಬಾಗಿಲು ಮುಚ್ಚಿತು. ಬಾಲಕನು ರಾಜ್ಯದ ಪ್ರಧಾನನಾದ ಬರ್ಲಿ ಪ್ರಭುವಿನ ಪಾಲನೆಗೆ ಬಂದನು. ಆ ಮನೆಯಲ್ಲಿ ಬರ್ಲಿಯ ಮಗ ರಾಬರ್ಟ್ ಸೆಸಿಲ್ ಬೆಳೆಯುತ್ತಿದ್ದನು. ಗೂನುಬೆನ್ನಿನ, ಕುಳ್ಳಾದ, ಮಿತಭಾಷಿಯಾದ ಆ ಹುಡುಗನೇ ಮುಂದೆ ಎಸೆಕ್ಸನ ಪ್ರತಿಸ್ಪರ್ಧಿಯಾದನೆಂಬುದು ವಿಧಿಯ ವಿನೋದ.

ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ 1581ರಲ್ಲಿ ಎಂ.ಎ. ಪದವಿ ಪಡೆದ ಎಸೆಕ್ಸ್, ಮಲತಂದೆ ಲೆಸ್ಟರನ ಸಂಗಡ ನೆದರ್ಲೆಂಡ್ಸಿನ ಯುದ್ಧಕ್ಕೆ ಹೋದನು. 1586ರಲ್ಲಿ ಜುಟ್‌ಫೆನ್ ಬಳಿಯ ಕಾಳಗದಲ್ಲಿ ಗಾಯಗೊಂಡು ಮಡಿದ ಕವಿ ಸರ್ ಫಿಲಿಪ್ ಸಿಡ್ನಿ ತನ್ನ ಕತ್ತಿಯನ್ನು ಅವನಿಗೆ ಬಿಟ್ಟುಹೋದನು. ಸಿಡ್ನಿಯ ಸಾನೆಟ್ಟುಗಳ ನಾಯಿಕೆ ಸ್ಟೆಲ್ಲಾ ಎಸೆಕ್ಸನ ಅಕ್ಕ ಪೆನೆಲೊಪಿಯೇ ಎಂಬುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದ ವಿಷಯ. ಕತ್ತಿ ಮಾತ್ರವಲ್ಲ, ಸಿಡ್ನಿಯ ವಿಧವೆಯೂ ಎಸೆಕ್ಸನ ಪಾಲಿಗೆ ಬಂದಳು. 1590ರಲ್ಲಿ ಅವಳನ್ನು ರಾಣಿಗೆ ತಿಳಿಸದೆ ಮದುವೆಯಾದನು. ಸಿಡ್ನಿಯಂತಹ ಧೀರೋದಾತ್ತನಾಗಬೇಕೆಂಬ ಹಂಬಲ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

1587ರಲ್ಲಿ ರಾಣಿ ಅವನನ್ನು ರಾಜಾಶ್ವಾಧ್ಯಕ್ಷನನ್ನಾಗಿ ಮಾಡಿದಳು. ಅವನಿಗೆ 21 ವರ್ಷ, ಅವಳಿಗೆ 53. ಎತ್ತರದ ನಿಲುವು, ಕೆಂಚು ಕೂದಲು, ಮುಚ್ಚುಮರೆಯಿಲ್ಲದ ಮಾತು. ಸವಾರಿಯಲ್ಲಿ ಅವಳ ಪಕ್ಕದಲ್ಲಿ ಇರುವುದು ಈ ಪದವಿಯ ಕರ್ತವ್ಯವೇ ಆಗಿತ್ತು. ರಾತ್ರಿಯೆಲ್ಲ ಅವಳೊಡನೆ ಇಸ್ಪೀಟು ಆಡಿ ಬೆಳಗಿನ ಹಕ್ಕಿ ಕೂಗುವ ಹೊತ್ತಿಗೆ ಬಿಡಾರಕ್ಕೆ ಮರಳುತ್ತಿದ್ದನೆಂದು ಅವನ ಸೇವಕನೊಬ್ಬ ಬರೆದಿದ್ದಾನೆ. ಇದನ್ನು ಪ್ರಣಯವೆಂದು ಕತೆಗಾರರು ಬಣ್ಣಿಸಿದ್ದಾರೆ. ಆಸ್ಥಾನದಲ್ಲಿ ಅದು ಒಂದು ಸಂಪ್ರದಾಯ. ಪ್ರಭುಗಳು ರಾಣಿಯ ಮುಂದೆ ಪ್ರೇಮಿಗಳ ಭಾಷೆಯಲ್ಲಿ ಮಾತನಾಡುವುದು ರೂಢಿಯಾಗಿತ್ತು. ಆದರೆ ಮುಪ್ಪಿನ ಹೊಸ್ತಿಲಲ್ಲಿದ್ದ ಆ ಒಂಟಿ ಹೆಣ್ಣಿಗೆ ಈ ಹುಡುಗನ ಮೇಲೆ ನಿಜವಾದ ಅಕ್ಕರೆಯಿತ್ತೆಂಬುದರಲ್ಲಿ ಸಂದೇಹವಿಲ್ಲ.

1588ರ ಸೆಪ್ಟೆಂಬರಿನಲ್ಲಿ ಲೆಸ್ಟರ್ ತೀರಿಕೊಂಡನು. ಪರದೇಶದಿಂದ ಬರುವ ಸಿಹಿ ದ್ರಾಕ್ಷಾರಸದ ಮೇಲಣ ಸುಂಕವನ್ನು ವಸೂಲು ಮಾಡುವ ಗುತ್ತಿಗೆ ಅವನದಾಗಿತ್ತು. ಸ್ವಲ್ಪ ಕಾಲದಲ್ಲಿಯೇ ರಾಣಿ ಅದನ್ನು ಎಸೆಕ್ಸನಿಗೆ ಕೊಟ್ಟಳು. ಅವಧಿ 1600ರ ಸೆಪ್ಟೆಂಬರಿನವರೆಗೆ. ಇದು ವಂಶಪಾರಂಪರ್ಯವಾಗಿ ನಡೆದುಬರುವ ಉಂಬಳಿಯಲ್ಲ, ದಿನ ಗೊತ್ತಾದ ಗುತ್ತಿಗೆ. ಅವನ ಮನೆ, ಪರಿವಾರ, ಸಾಲಗಾರರ ನಂಬಿಕೆ ಎಲ್ಲವೂ ಮುಖ್ಯವಾಗಿ ಇದರ ಮೇಲೆ ನಿಂತಿದ್ದವು. ಓದುಗರು ಈ ತಾರೀಖನ್ನು ನೆನಪಿನಲ್ಲಿಡಬೇಕು.

ಒಲವಿನ ಬಲದ ಮೇಲೆ ಎಷ್ಟು ದೂರ ಹೋಗಬಹುದೆಂಬುದನ್ನು ಅವನು ಬೇಗನೆ ಪರೀಕ್ಷಿಸತೊಡಗಿದನು. 1589ರಲ್ಲಿ ರಾಣಿಯ ಅಪ್ಪಣೆಯಿಲ್ಲದೆ ಪ್ಲಿಮತ್ತಿಗೆ ಧಾವಿಸಿ ಡ್ರೇಕನ ಪೋರ್ಚುಗಲ್ ದಂಡಯಾತ್ರೆಯನ್ನು ಸೇರಿಕೊಂಡನು. 1591ರಲ್ಲಿ ಫ್ರಾನ್ಸಿನ ನಾಲ್ಕನೆಯ ಹೆನ್ರಿಯ ನೆರವಿಗೆ ಸೇನೆ ನಡೆಸಿ, ರೂವಾನ್ ಮುತ್ತಿಗೆಯ ಕಾಲದಲ್ಲಿ ತಮ್ಮನನ್ನು ಕಳೆದುಕೊಂಡನು. ಯಾವ ವಿಜಯವೂ ದೊರೆಯದೆ ಇದ್ದರೂ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ನೈಟ್ ಪದವಿ ಕೊಟ್ಟನು. ರಾಣಿ ಪ್ರತಿ ಸಲವೂ ಸಿಟ್ಟಾದಳು; ಪ್ರತಿ ಸಲವೂ ಕ್ಷಮಿಸಿದಳು. ಕ್ಷಮೆ ಅಭ್ಯಾಸವಾದಾಗ ಪಡೆಯುವವನಿಗೆ ಅದು ಹಕ್ಕಿನಂತೆ ತೋರುತ್ತದೆ.

1593ರಲ್ಲಿ ಪ್ರಿವಿ ಕೌನ್ಸಿಲ್ ಎಂಬ ಮಂತ್ರಿಸಭೆಗೆ ಸೇರಿದ ಮೇಲೆ ಅವನು ಮಿತ್ರರಿಗಾಗಿ ಬೇಡತೊಡಗಿದನು. ಬೇಕನ್ನನನ್ನು ಅಟಾರ್ನಿ ಜನರಲ್ ಮಾಡಬೇಕೆಂದು ಹಗಲಿರುಳು ರಾಣಿಯನ್ನು ಕಾಡಿದನು. 1594ರಲ್ಲಿ ಆ ಪದವಿ ಎಡ್ವರ್ಡ್ ಕೋಕನಿಗೆ ಹೋಯಿತು. ಅದರ ಕೆಳಗಿನ ಸಾಲಿಸಿಟರ್ ಪದವಿಯಾದರೂ ಸಿಗಲೆಂದು ಹಟ ಹಿಡಿದನು, ಅದೂ ತಪ್ಪಿತು. ತನ್ನನ್ನು ನಂಬಿದವನು ಬರಿಗೈಯಲ್ಲಿ ಹೋಗಬಾರದೆಂದು ಬೇಕನ್ನನಿಗೆ ತನ್ನ ಜಮೀನಿನ ಒಂದು ಭಾಗವನ್ನೇ ದಾನ ಮಾಡಿದನು. ಬೇಕನ್ ಅದನ್ನು 1,800 ಪೌಂಡಿಗೆ ಮಾರಿದನು. ಹಾಗೆಯೇ ಥಾಮಸ್ ಬಾಡ್ಲಿ ಎಂಬ ವಿದ್ವಾಂಸ ರಾಯಭಾರಿಯನ್ನು ರಾಜ್ಯದ ಕಾರ್ಯದರ್ಶಿ ಮಾಡಬೇಕೆಂದು ಮಿತಿಮೀರಿ ಹೊಗಳಿ, ಆ ಹೊಗಳಿಕೆಯಿಂದಲೇ ಅವನ ದಾರಿಗೆ ಅಡ್ಡಿಯಾದನು. ಆಸ್ಥಾನದ ಸಹವಾಸವೇ ಸಾಕೆಂದು ಹಿಂದೆ ಸರಿದ ಬಾಡ್ಲಿ ಆಕ್ಸ್‌ಫರ್ಡಿನ ಪುಸ್ತಕ ಭಂಡಾರವನ್ನು ಕಟ್ಟಿ ಬೆಳೆಸಲು ತೊಡಗಿದನು. ಎಸೆಕ್ಸನ ಸೋಲುಗಳಲ್ಲಿ ಲೋಕಕ್ಕೆ ಉಪಕಾರವಾದದ್ದು ಇದೊಂದೇ ಇರಬೇಕು.

ಆ ವರ್ಷಗಳ ಒಂದು ಕಪ್ಪು ಪ್ರಕರಣವನ್ನೂ ಮರೆಮಾಚುವಂತಿಲ್ಲ. ರಾಣಿಯ ವೈದ್ಯನಾಗಿದ್ದ, ಪೋರ್ಚುಗಲ್ ಮೂಲದ ಯೆಹೂದಿ ರೊಡ್ರೀಗೊ ಲೋಪೆಜ್ ಅವಳಿಗೆ ವಿಷವಿಕ್ಕಲು ಒಪ್ಪಿಕೊಂಡಿದ್ದಾನೆಂದು 1594ರಲ್ಲಿ ಎಸೆಕ್ಸ್ ಆರೋಪಿಸಿದನು. ಸೆಸಿಲರು ಮೊದಲು ಒಪ್ಪಲಿಲ್ಲ. ರಾಣಿ ಎಸೆಕ್ಸನನ್ನೇ ಗದರಿಸಿದಳು. ಅವನಿಗೆ ಆಗ ಲೋಪೆಜನ ಅಪರಾಧವನ್ನು ಸಾಧಿಸುವುದು ತನ್ನ ಮಾನದ ಪ್ರಶ್ನೆಯಾಯಿತು. ಹಿಂಸೆಗೆ ಹೆದರಿ ಆಡಿದ ಮಾತುಗಳೇ ಸಾಕ್ಷ್ಯವಾದವು. ರಾಣಿ ತಿಂಗಳುಗಟ್ಟಲೆ ತಡೆದರೂ ಜೂನ್ ತಿಂಗಳಲ್ಲಿ ಆ ವೃದ್ಧನು ಟೈಬರ್ನಿನಲ್ಲಿ ಪ್ರಾಣ ಬಿಟ್ಟನು. ಅವನ ಆಸ್ತಿಯ ಬಹುಭಾಗವನ್ನು ಅವಳು ಕುಟುಂಬಕ್ಕೇ ಉಳಿಸಿಕೊಟ್ಟಳೆಂಬುದರಿಂದ ಅವಳ ಮನಸ್ಸು ಏನೆಂದಿತೆಂದು ಊಹಿಸಬಹುದು. ಮಾನಕ್ಕಾಗಿ ಹೋರಾಡುವವನ ಕಾಲ್ತುಳಿತಕ್ಕೆ ಸಿಕ್ಕವರ ಲೆಕ್ಕವನ್ನೂ ಚರಿತ್ರೆ ಇಡಬೇಕಾಗುತ್ತದೆ.

ಕಾಡಿಜ್ ವಿಜಯ

1596ರ ಬೇಸಿಗೆಯಲ್ಲಿ ಎಸೆಕ್ಸ್ ತನ್ನ ಭಾಗ್ಯದ ಶಿಖರವನ್ನು ಮುಟ್ಟಿದನು. ಹೋವರ್ಡ್ ಪ್ರಭುವಿನ ಜೊತೆಗೂಡಿ, ರಾಲೀ ಮೊದಲಾದವರನ್ನು ಕೂಡಿಕೊಂಡು, ಸ್ಪೇನಿನ ಕಾಡಿಜ್ ಬಂದರಿನ ಮೇಲೆ ದಾಳಿಯಿಟ್ಟನು. ಹಡಗುಗಳು ಬಂದರಿನೊಳಗೆ ನುಗ್ಗಬೇಕೆಂದು ನಿಶ್ಚಯವಾದಾಗ ಹರ್ಷ ತಡೆಯಲಾರದೆ ತನ್ನ ಟೋಪಿಯನ್ನು ಸಮುದ್ರಕ್ಕೆ ಎಸೆದನೆಂದು ಪ್ರತೀತಿ. ನಗರ ಒಂದೇ ದಿನದಲ್ಲಿ ಕೈವಶವಾಯಿತು. ಆದರೆ ಒಳಬಂದರಿನಲ್ಲಿದ್ದ ವ್ಯಾಪಾರದ ಹಡಗುಗಳನ್ನು ಹಿಡಿಯುವ ಮೊದಲೇ ಸ್ಪೇನಿನವರು ಸ್ವತಃ ಸುಟ್ಟುಹಾಕಿದರು. ರಾಣಿ ಎದುರುನೋಡಿದ್ದ ಹಣ ಹೊಗೆಯಾಗಿ ಹೋಯಿತು. ಎಸೆಕ್ಸ್ ಅರವತ್ತಕ್ಕೂ ಹೆಚ್ಚು ಮಂದಿಗೆ ನೈಟ್ ಪದವಿ ಹಂಚಿದನು. ಹಿಂದಿರುಗುವಾಗ ಪೋರ್ಚುಗಲ್ಲಿನ ಫಾರೊ ಪಟ್ಟಣದಲ್ಲಿ ಬಿಷಪ್ಪನ ಗ್ರಂಥಸಂಗ್ರಹವನ್ನು ಎತ್ತಿತಂದನು. ಅದರ ಪುಸ್ತಕಗಳು ಮುಂದೆ ಬಾಡ್ಲಿಯ ಭಂಡಾರವನ್ನು ಸೇರಿದವು.

ಲಂಡನ್ನಿನ ಜನ ಅವನನ್ನು ತಲೆಯ ಮೇಲೆ ಹೊತ್ತರು. ಆಸ್ಥಾನದಲ್ಲಿ ಬೇರೆಯೇ ಆಟ ನಡೆದಿತ್ತು. ಅವನು ಸಮುದ್ರದ ಮೇಲಿರುವಾಗಲೇ ರಾಬರ್ಟ್ ಸೆಸಿಲ್ ರಾಜ್ಯದ ಕಾರ್ಯದರ್ಶಿಯಾಗಿದ್ದನು. ರಣರಂಗದಲ್ಲಿ ಗೆಲ್ಲುವವನು ಮಂತ್ರಾಲೋಚನೆಯ ಮೇಜಿನಿಂದ ದೂರವಿರಬೇಕಾಗುತ್ತದೆ. ಮೇಜಿನ ಬಳಿ ಕುಳಿತವನಿಗೆ ದಿನವೂ ರಾಣಿಯ ಕಿವಿ ದೊರೆಯುತ್ತದೆ.

ಇದನ್ನು ಚೆನ್ನಾಗಿ ಅರಿತವನು ಬೇಕನ್. ಅದೇ ಅಕ್ಟೋಬರಿನಲ್ಲಿ ಅವನು ಎಸೆಕ್ಸನಿಗೆ ಒಂದು ದೀರ್ಘ ಪತ್ರ ಬರೆದು, ರಾಣಿಯ ಕಣ್ಣಿಗೆ ಅವನು ಹೇಗೆ ಕಾಣುತ್ತಿರಬಹುದೆಂದು ಬಿಡಿಸಿ ತೋರಿಸಿದನು. ಅಂಕೆಗೆ ಒಳಪಡದ ಸ್ವಭಾವ, ತನ್ನ ಮೇಲೆ ಅವಳಿಗಿರುವ ಮಮತೆಯ ಅರಿವು, ಪದವಿಗೆ ಸಾಲದ ಆಸ್ತಿ, ಜನಪ್ರಿಯತೆ, ಸೈನಿಕರ ಬೆಂಬಲ. ಇವೆಲ್ಲ ಒಬ್ಬನಲ್ಲಿ ಕೂಡಿದರೆ ಯಾವ ಅರಸಿಗೆ ತಾನೇ ಭಯವಾಗದು? ಆದ್ದರಿಂದ ಸೈನ್ಯದ ಹುದ್ದೆಗಳನ್ನು ಬಿಟ್ಟು ಆಡಳಿತದ ಹುದ್ದೆಯೊಂದನ್ನು ಕೇಳಬೇಕೆಂದು ಸಲಹೆ ಕೊಟ್ಟನು. ಎಸೆಕ್ಸ್ 1597ರಲ್ಲಿ ಪಡೆದದ್ದು ಶಸ್ತ್ರಾಗಾರದ ಅಧಿಪತ್ಯ.

ಆ ವರ್ಷವೇ ಅಜೋರ್ಸ್ ದ್ವೀಪಗಳಿಗೆ ಅವನು ನಡೆಸಿದ ನೌಕಾಯಾತ್ರೆ ವಿಫಲವಾಯಿತು. ಸ್ಪೇನಿನ ಬೆಳ್ಳಿ ಹೊತ್ತ ಹಡಗುಗಳು ಕಣ್ಣು ತಪ್ಪಿಸಿ ಹೋದವು. ರಾಲೀಯೊಡನೆ ಜಗಳ ಬೆಳೆಯಿತು. ಮರಳಿ ಬಂದಾಗ ಹೋವರ್ಡ್ ಪ್ರಭುವಿಗೆ ನಾಟಿಂಗ್‌ಹ್ಯಾಮಿನ ಅರ್ಲ್ ಪದವಿ ಬಂದಿತ್ತು. ಅದರ ಸನ್ನದಿನಲ್ಲಿ ಕಾಡಿಜ್ ಗೆಲವಿನ ಕೀರ್ತಿ ಅವನ ಪಾಲಿಗೆ ಸೇರಿತ್ತು. ಎಸೆಕ್ಸ್ ಮುನಿಸಿಕೊಂಡು ಮನೆ ಸೇರಿದನು. ರಾಣಿ ಮತ್ತೊಮ್ಮೆ ಮಣಿದು ಅವನನ್ನು ಅರ್ಲ್ ಮಾರ್ಷಲ್ ಮಾಡಿದಳು. ಅವನಿಗಾಗಿ ಅವಳು ಹೀಗೆ ಮಣಿದದ್ದು ಅದೇ ಕೊನೆಯ ಸಲ.

ಐರ್ಲೆಂಡಿನ ಕೆಸರು

1598ರ ಬೇಸಿಗೆಯಲ್ಲಿ ಐರ್ಲೆಂಡಿಗೆ ಯಾರನ್ನು ಕಳುಹಿಸಬೇಕೆಂಬ ಚರ್ಚೆ ನಡೆಯಿತು. ಮಾತಿಗೆ ಮಾತು ಬೆಳೆದು ಎಸೆಕ್ಸ್ ರಾಣಿಗೆ ಬೆನ್ನು ತಿರುಗಿಸಿದನು. ಅವಳು ಅವನ ಕಪಾಳಕ್ಕೆ ಹೊಡೆದಳು. ಅವನ ಕೈ ಕತ್ತಿಯ ಹಿಡಿಗೆ ಹೋಯಿತು. ಹೋವರ್ಡ್ ನಡುವೆ ಬಂದು ತಡೆದನು. ಅಂದಿನ ಇತಿಹಾಸಕಾರ ಕ್ಯಾಮ್ಡನ್ ಈ ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಕ್ಷಮೆ ಕೇಳೆಂದು ಹಿರಿಯರು ಬುದ್ಧಿ ಹೇಳಿದಾಗ ಎಸೆಕ್ಸ್ ಬರೆದ ಉತ್ತರ ಆ ಕಾಲಕ್ಕೆ ದೊಡ್ಡ ಮಾತು. ಅರಸರೂ ತಪ್ಪು ಮಾಡಬಲ್ಲರೆಂದೂ, ಪ್ರಜೆಗೂ ಅನ್ಯಾಯವಾಗಬಲ್ಲುದೆಂದೂ, ಭೂಮಿಯ ಮೇಲಣ ಯಾವ ಅಧಿಕಾರವೂ ಎಲ್ಲೆಯಿಲ್ಲದ್ದಲ್ಲವೆಂದೂ ಅವನ ವಾದದ ತಿರುಳು. ಅಭಿಮಾನದ ಗಾಯದಿಂದ ಹೊರಟದ್ದಾದರೂ ಅದು ವಿಚಾರವಾಗಿತ್ತು. ಆ ವಿಚಾರಕ್ಕೆ ಕಾಲೂರಲು ಆಗ ನೆಲವಿರಲಿಲ್ಲ.

ಆಗಸ್ಟ್‌ನಲ್ಲಿ ಬರ್ಲಿ ತೀರಿಕೊಂಡನು. ಅದೇ ತಿಂಗಳು ಐರ್ಲೆಂಡಿನ ಯೆಲ್ಲೊ ಫೋರ್ಡ್ ಎಂಬಲ್ಲಿ ಟಿರೋನಿನ ಅರ್ಲ್ ಹ್ಯೂ ಓನೀಲ್ ಇಂಗ್ಲಿಷ್ ಸೈನ್ಯವನ್ನು ನುಚ್ಚುನೂರು ಮಾಡಿದನು. ಇತರರನ್ನು ಟೀಕಿಸಿದ್ದ ಎಸೆಕ್ಸನೇ ಈಗ ಹೊರಡಬೇಕಾಯಿತು. 1599ರ ಮಾರ್ಚ್ 27ರಂದು ಲಂಡನ್ ಜನರ ಜಯಘೋಷದ ನಡುವೆ ಅವನು ಐರ್ಲೆಂಡಿಗೆ ಹೊರಟನು. ಅವನಿಗೆ ಕೊಟ್ಟದ್ದು 16,000 ಕಾಲಾಳು, 1,300 ಕುದುರೆ. ಷೇಕ್ಸ್‌ಪಿಯರನ ಐದನೆಯ ಹೆನ್ರಿ ನಾಟಕದಲ್ಲಿ ಐರ್ಲೆಂಡಿನಿಂದ ಗೆದ್ದು ಬರಲಿರುವ ಸೇನಾಪತಿಯ ಪ್ರಸ್ತಾಪ ಬರುತ್ತದೆ. ಅದು ಎಸೆಕ್ಸನನ್ನು ಕುರಿತದ್ದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಗೆಲವು ಬರಲಿಲ್ಲ. ಉತ್ತರದಲ್ಲಿ ಓನೀಲನನ್ನು ಎದುರಿಸುವ ಬದಲು ಎಸೆಕ್ಸ್ ದಕ್ಷಿಣದ ಪ್ರಾಂತಗಳಲ್ಲಿ ತಿಂಗಳುಗಳನ್ನು ಕಳೆದನು. ರೋಗ, ಪಲಾಯನ, ಕಾವಲು ಠಾಣ್ಯಗಳ ಅಗತ್ಯ. ಹೀಗೆ ಸೈನ್ಯ ಕರಗಿತು. ರಾಣಿ ಬೇಡವೆಂದರೂ ನೈಟ್ ಪದವಿಗಳು ಹಂಚಿಕೆಯಾದವು. ಕೊನೆಗೆ ಸೆಪ್ಟೆಂಬರ್ 7ರಂದು ಲಗನ್ ಹೊಳೆಯ ಹಾಯಗಡದಲ್ಲಿ ಇಬ್ಬರೂ ಭೇಟಿಯಾದರು. ಓನೀಲ್ ತನ್ನ ಕುದುರೆಯನ್ನು ಹೊಟ್ಟೆಯ ಮಟ್ಟದ ನೀರಿಗೆ ಇಳಿಸಿ ನಿಲ್ಲಿಸಿದನು, ದಡದಲ್ಲಿ ಎಸೆಕ್ಸ್. ಮಾತುಕತೆಗೆ ಸಾಕ್ಷಿಗಳಿರಲಿಲ್ಲ. ಒಪ್ಪಂದವಾಯಿತು. ಶತ್ರುವಿನೊಡನೆ ಸಾಕ್ಷಿಯಿಲ್ಲದೆ ಆಡಿದ ಆ ಮಾತು ಮುಂದೆ ಅವನಿಗೆ ಉರುಳಾಯಿತು.

ಲಂಡನ್ನಿನಲ್ಲಿ ಸೆಸಿಲನ ಪಕ್ಷ ತನ್ನ ಕಾಲ ಕೆಳಗಿನ ನೆಲವನ್ನು ಅಗೆಯುತ್ತಿದೆ, ರಾಣಿಯ ಮುಖವನ್ನೊಮ್ಮೆ ಕಂಡರೆ ಎಲ್ಲ ಸರಿಹೋಗುತ್ತದೆ ಎಂದು ಅವನು ಬಗೆದನು. ಅಪ್ಪಣೆಯಿಲ್ಲದೆ ಡಬ್ಲಿನ್ ಬಿಟ್ಟು, ನಾಲ್ಕು ದಿನ ಹಗಲಿರುಳು ಧಾವಿಸಿ, ಸೆಪ್ಟೆಂಬರ್ 28ರ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ ನಾನ್‌ಸಚ್ ಅರಮನೆಗೆ ಬಂದನು. ಬಟ್ಟೆ ಮುಖಗಳೆಲ್ಲ ಕೆಸರು. ಸಭಾಂಗಣ ದಾಟಿ, ಅಂತರಂಗದ ಕೋಣೆ ದಾಟಿ, ನೇರವಾಗಿ ಶಯನಾಗಾರಕ್ಕೆ ನುಗ್ಗಿದನು. 66 ವರ್ಷದ ರಾಣಿ ಆಗತಾನೆ ಎದ್ದಿದ್ದಳು. ಇನ್ನೂ ಶೃಂಗಾರವಾಗಿರಲಿಲ್ಲ, ಕೂದಲು ಕೆದರಿ ಮುಖದ ಮೇಲೆ ಬಿದ್ದಿತ್ತು. ಲೋಕಕ್ಕೆ ಎಂದೂ ತೋರಿಸದ ಮುಪ್ಪನ್ನು ಅವನು ಕಂಡುಬಿಟ್ಟನು. ಹೊರಗೆ ಎಷ್ಟು ಸೈನ್ಯವಿದೆಯೋ ಅವಳಿಗೆ ತಿಳಿಯದು. ಅವಳು ನಗುಮುಖದಿಂದಲೇ ಮಾತನಾಡಿದಳು. ಅವನು ಹಿಗ್ಗಿ ಹೊರಬಂದನು. ಮಧ್ಯಾಹ್ನದ ಹೊತ್ತಿಗೆ ದನಿ ಬದಲಾಯಿತು. ರಾತ್ರಿ, ಕೋಣೆ ಬಿಟ್ಟು ಹೊರಬರಕೂಡದೆಂಬ ಆಜ್ಞೆ ಬಂತು. ಆಮೇಲೆ ಅವನು ರಾಣಿಯ ಮುಖವನ್ನು ಎಂದೂ ಕಾಣಲಿಲ್ಲ.

ಗುತ್ತಿಗೆ ಮುಗಿದ ದಿನ

ತಿಂಗಳುಗಟ್ಟಲೆ ಗೃಹಬಂಧನ. ನಡುವೆ ಅವನಿಗೆ ಕಾಯಿಲೆಯಾಗಿ ಬದುಕುವುದೇ ಕಷ್ಟವೆನಿಸಿದಾಗ ರಾಣಿ ವೈದ್ಯರನ್ನು ಕಳುಹಿಸಿದಳು. ಬಾಗಿಲನ್ನು ಮಾತ್ರ ತೆರೆಯಲಿಲ್ಲ. 1600ರ ಜೂನ್ ತಿಂಗಳಲ್ಲಿ ಯಾರ್ಕ್ ಹೌಸಿನಲ್ಲಿ ವಿಚಾರಣೆ ನಡೆಯಿತು. ಅವನಿಗೆ ಪ್ರತಿಯಾಗಿ ಮಾತನಾಡಿದವರಲ್ಲಿ ಬೇಕನ್ ಆಗಲೇ ಇದ್ದನು. ಹೆಚ್ಚಿನ ಪದವಿಗಳು ಹೋದವು. ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು, ಆದರೆ ಆಸ್ಥಾನಕ್ಕೆ ಬರುವಂತಿಲ್ಲ.

ಸೆಪ್ಟೆಂಬರ್ ಕೊನೆಗೆ ದ್ರಾಕ್ಷಾರಸದ ಗುತ್ತಿಗೆಯ ಅವಧಿ ಮುಗಿಯಿತು. ಎಸೆಕ್ಸ್ ವಿನಯದ ಪತ್ರಗಳನ್ನು ಒಂದರ ಮೇಲೊಂದು ಬರೆದನು. ಪಶ್ಚಾತ್ತಾಪದ ಆ ಮಾತುಗಳು ಮೊದಲು ರಾಣಿಯ ಮನ ಕರಗಿಸಿದವು. ಅವುಗಳ ಬಾಲದಲ್ಲಿ ಗುತ್ತಿಗೆಯ ಬೇಡಿಕೆ ಇದ್ದುದನ್ನು ಕಂಡಾಗ ಆ ಕರಗಿದ ಮನ ಮತ್ತೆ ಗಟ್ಟಿಯಾಯಿತು. ಅಂಕೆಮೀರಿದ ಕುದುರೆಗೆ ಮೇವು ಕಡಮೆ ಮಾಡಬೇಕೆಂಬುದು ಅವಳ ನಿಲುವಾಗಿತ್ತೆನ್ನುತ್ತಾರೆ. ಗುತ್ತಿಗೆ ಅವನಿಗೆ ದೊರೆಯಲಿಲ್ಲ. ಸಾಲಗಾರರಿಗೆ ಹೇಳಲು ಅವನ ಬಳಿ ಮಾತು ಉಳಿಯಲಿಲ್ಲ. ನಿರಾಶೆಯಲ್ಲಿ ರಾಣಿಯ ಮುದಿ ದೇಹವನ್ನು ಹಳಿದು ಆಡಿದನೆಂಬ ಮಾತೊಂದು ಅವಳ ಕಿವಿಗೂ ಮುಟ್ಟಿತು.

ಇಲ್ಲಿಯೇ ಅವನ ದುರಂತದ ಬೇರು. ಗುತ್ತಿಗೆ ತಪ್ಪಿದ್ದು ಅವನಿಗೆ ತನ್ನ ಸ್ವಂತ ಆಸ್ತಿಯನ್ನು ಕಸಿದುಕೊಂಡಂತೆ ತೋರಿತು. ಕೊಟ್ಟವಳು ಕೊಡದಿರಬಹುದು ಎಂಬ ಸರಳ ನ್ಯಾಯ ಅವನಿಗೆ ಹೊಳೆಯಲಿಲ್ಲ. ರಾಣಿ ಒಳ್ಳೆಯವಳು, ನಡುವಿನವರು ಕೆಟ್ಟವರು, ಅವರನ್ನು ತಳ್ಳಿ ಅವಳ ಬಳಿ ಸೇರಿದರೆ ಎಲ್ಲ ಮರಳಿ ಬರುತ್ತದೆ ಎಂದು ನಂಬಿದನು. ಸ್ಟ್ರಾಂಡ್ ಬೀದಿಯಲ್ಲಿದ್ದ ಅವನ ಮನೆ ಎಸೆಕ್ಸ್ ಹೌಸ್ ಅತೃಪ್ತರ ಬಿಡಾರವಾಯಿತು. ಕೆಲಸವಿಲ್ಲದ ಸೈನಿಕರು, ಸಾಲದಲ್ಲಿ ಮುಳುಗಿದ ಪ್ರಭುಕುಮಾರರು, ಅವನ ಕೈಯಿಂದ ನೈಟ್ ಪದವಿ ಪಡೆದವರು ಅಲ್ಲಿ ನೆರೆದರು. ಸ್ಕಾಟ್ಲೆಂಡಿನ ಆರನೆಯ ಜೇಮ್ಸ್ ದೊರೆಯೊಡನೆ ಗುಪ್ತವಾಗಿ ಪತ್ರ ವ್ಯವಹಾರ ನಡೆಯಿತು.

ಫೆಬ್ರವರಿಯ ಒಂದು ಭಾನುವಾರ

1601ರ ಫೆಬ್ರವರಿ 7, ಶನಿವಾರ. ಎಸೆಕ್ಸನ ಬೆಂಬಲಿಗರ ಕೋರಿಕೆಯಂತೆ ಗ್ಲೋಬ್ ರಂಗಮಂದಿರದಲ್ಲಿ ಷೇಕ್ಸ್‌ಪಿಯರನ ತಂಡ ಎರಡನೆಯ ರಿಚರ್ಡನ ನಾಟಕವನ್ನು ಆಡಿತು. ಹಳೆಯ ನಾಟಕಕ್ಕೆ ಜನ ಬಾರರೆಂದು ನಟರು ಹಿಂಜರಿದಾಗ 40 ಷಿಲಿಂಗು ಹೆಚ್ಚಿಗೆ ಕೊಡಲಾಯಿತು. ಅರಸನೊಬ್ಬನನ್ನು ಸಿಂಹಾಸನದಿಂದ ಇಳಿಸುವ ಕಥೆ ಅದು.

ಮರುದಿನ ಭಾನುವಾರ ಬೆಳಿಗ್ಗೆ ರಾಣಿಯ ಕಡೆಯಿಂದ ನಾಲ್ವರು ಹಿರಿಯರು ಎಸೆಕ್ಸ್ ಹೌಸಿಗೆ ಬಂದರು. ಅವರನ್ನು ಒಳಗೆ ಕೂಡಿಹಾಕಿ, ಸುಮಾರು 200 ಮಂದಿಯೊಡನೆ ಎಸೆಕ್ಸ್ ಬೀದಿಗಿಳಿದನು. ಅರಮನೆಯ ಕಡೆಗೆ ಹೋಗದೆ ನಗರದ ಕಡೆಗೆ ತಿರುಗಿದನು. ತನ್ನ ಪ್ರಾಣಕ್ಕೆ ಸಂಚು ನಡೆದಿದೆಯೆಂದು ಕೂಗುತ್ತ ನಡೆದನು. ಕಾಡಿಜ್ ವೀರನನ್ನು ನೋಡಲು ಜನ ಕಿಟಕಿಗಳಿಗೆ ಬಂದರು, ಬಾಗಿಲುಗಳಲ್ಲಿ ನಿಂತರು. ಯಾರೂ ಕತ್ತಿ ಹಿಡಿದು ಕೆಳಗಿಳಿಯಲಿಲ್ಲ.

ಅವನ ಭರವಸೆಯೆಲ್ಲ ನಗರದ ಷೆರಿಫ್ ಥಾಮಸ್ ಸ್ಮಿತ್ ಎಂಬ ವರ್ತಕನ ಮೇಲಿತ್ತು. ಅವನ ಬಳಿ ಸಾವಿರ ಮಂದಿ ನಗರ ಸೈನಿಕರು ಸಿದ್ಧರಿದ್ದಾರೆಂದು ಯಾರೋ ಹೇಳಿದ್ದರು. ಭಾರತೀಯ ಓದುಗರಿಗೆ ಈ ಸ್ಮಿತ್ ಅಪರಿಚಿತನಾಗಬಾರದು. ಕೇವಲ ಐದು ವಾರಗಳ ಹಿಂದೆ, 1600ರ ಡಿಸೆಂಬರ್ 31ರಂದು, ರಾಣಿ ಈಸ್ಟ್ ಇಂಡಿಯಾ ಕಂಪೆನಿಗೆ ಸನ್ನದು ಕೊಟ್ಟಾಗ ಅದರ ಮೊದಲ ಗವರ್ನರ್ ಎಂದು ನೇಮಕವಾದವನು ಇವನೇ. ಎಸೆಕ್ಸ್ ಅವನ ಮನೆಗೆ ಹೋದನು. ಬೆವರಿನಲ್ಲಿ ತೊಯ್ದಿದ್ದ ಅಂಗಿಯನ್ನು ಅಲ್ಲಿ ಬದಲಿಸಿಕೊಂಡನೆನ್ನುತ್ತಾರೆ. ವರ್ತಕನು ಹಿಂಬಾಗಿಲಿನಿಂದ ಹೊರಬಿದ್ದು ಮೇಯರನ ಬಳಿಗೆ ಹೋದನು. ಆದರೂ ಶಂಕೆ ತಪ್ಪದೆ ಕೆಲಕಾಲ ಅವನು ಸೆರೆಯಲ್ಲಿರಬೇಕಾಯಿತು.

ಅಷ್ಟರಲ್ಲಿ ಎಸೆಕ್ಸ್ ದ್ರೋಹಿಯೆಂದು ಬೀದಿಗಳಲ್ಲಿ ಡಂಗುರವಾಯಿತು. ಆ ಮಾತು ಕೇಳಿ ಜೊತೆಗಿದ್ದವರೂ ಜಾರಿಕೊಂಡರು. ಲಡ್‌ಗೇಟ್ ಬಳಿ ದಾರಿ ಕಟ್ಟಿತ್ತು, ಸಣ್ಣ ಕಾಳಗವಾಯಿತು. ದೋಣಿ ಹತ್ತಿ ಥೇಮ್ಸ್ ನದಿಯ ಮೇಲೆ ಮನೆಗೆ ಮರಳಿ, ಕಾಗದ ಪತ್ರಗಳನ್ನು ಸುಟ್ಟು, ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಶರಣಾದನು. ದಂಗೆ ಹನ್ನೆರಡು ಗಂಟೆಯ ಕಾಲ ನಡೆಯಿತೆಂದು ಹೇಳುವುದೂ ಕಷ್ಟ.

ಫೆಬ್ರವರಿ 19ರಂದು ವಿಚಾರಣೆ. ಅವನ ಜೊತೆ ಆರೋಪಿಯಾಗಿ ನಿಂತವನು ಷೇಕ್ಸ್‌ಪಿಯರನ ಆಶ್ರಯದಾತ ಸೌತಾಂಪ್ಟನ್ ಪ್ರಭು. ಶತ್ರುಗಳ ಭಯದಿಂದ ಆತ್ಮರಕ್ಷಣೆಗೆ ಹೊರಟೆನೆಂಬುದು ಎಸೆಕ್ಸನ ವಾದ. ಬೇಕನ್ ಎದ್ದುನಿಂತು, ತನಗೆ ತಾನೇ ಗಾಯ ಮಾಡಿಕೊಂಡು ವೈರಿಗಳು ಕೊಲ್ಲಬಂದರೆಂದು ಅಥೆನ್ಸಿನ ಜನರನ್ನು ನಂಬಿಸಿದ ಪಿಸಿಸ್ಟ್ರಾಟಸನಿಗೆ ಅವನನ್ನು ಹೋಲಿಸಿದನು. ಹೋಲಿಕೆ ಬಹಳ ಸಮರ್ಪಕವಾಗಿತ್ತು. ಆಡಿದ ಬಾಯಿ ಮಾತ್ರ ಅವನ ಅನ್ನ ಉಂಡದ್ದಾಗಿತ್ತು. ಸೆಸಿಲ್ ಸ್ಪೇನಿನ ರಾಜಕುಮಾರಿಯ ಪಕ್ಷಪಾತಿಯೆಂದು ಎಸೆಕ್ಸ್ ದೂರಿದಾಗ, ಪರದೆಯ ಹಿಂದೆ ಕುಳಿತು ಕೇಳುತ್ತಿದ್ದ ಸೆಸಿಲ್ ಹೊರಬಂದು ಅದನ್ನು ಸುಳ್ಳೆಂದು ಸಾಧಿಸಿದನು. ಒಂದೇ ಸೂರಿನಡಿ ಬಾಲ್ಯ ಕಳೆದ ಇಬ್ಬರು ಅಲ್ಲಿ ಮುಖಾಮುಖಿಯಾದರು.

ಮರಣದಂಡನೆ ವಿಧಿಸಿದ ಮೇಲೆ ಎಸೆಕ್ಸನ ಧೈರ್ಯ ಕುಸಿಯಿತು. ಪಾದ್ರಿಯ ಮಾತಿಗೆ ಬೆದರಿ ಎಲ್ಲವನ್ನೂ ಒಪ್ಪಿಕೊಂಡನು. ಮಿತ್ರರ ಹೆಸರು ಹೇಳಿದನು. ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ ಅಕ್ಕ ಪೆನೆಲೊಪಿಯನ್ನೂ ದೂರಿದನು. ಫೆಬ್ರವರಿ 24ರ ರಾತ್ರಿ ರಾಣಿಯ ಮುಂದೆ ವೈಟ್‌ಹಾಲಿನಲ್ಲಿ ನಾಟಕ ನಡೆಯಿತು. ಆಡಿದವರು ಹದಿನೇಳು ದಿನಗಳ ಹಿಂದೆ ರಿಚರ್ಡನ ನಾಟಕ ಆಡಿದ ಅದೇ ತಂಡ. ಮರುದಿನ ಬೆಳಿಗ್ಗೆ ಟವರ್ ಕೋಟೆಯ ಒಳ ಅಂಗಳದಲ್ಲಿ ಮೂರು ಏಟಿಗೆ ಎಸೆಕ್ಸನ ತಲೆ ಉರುಳಿತು. ಅವನಿಗೆ 35 ವರ್ಷ. ಕೊನೆಯ ಗಳಿಗೆಯಲ್ಲಿ ಅವನು ರಾಣಿಗೆ ಕಳುಹಿಸಿದ ಉಂಗುರ ಅವಳ ಕೈ ಸೇರಲಿಲ್ಲವೆಂಬ ಕಥೆ ಬಹಳ ಕಾಲದ ಮೇಲೆ ಹುಟ್ಟಿದ್ದು; ಅದಕ್ಕೆ ಆಧಾರವಿಲ್ಲ.

ಉಳಿದವರು

ಸೌತಾಂಪ್ಟನ್ ಉಳಿದುಕೊಂಡನು. 1603ರ ಮಾರ್ಚ್ 24ರಂದು ರಾಣಿ ತೀರಿಕೊಂಡಳು. ಎಸೆಕ್ಸನ ಮರಣವನ್ನು ಕೋಟೆಯಲ್ಲಿದ್ದು ಕಂಡ ರಾಲೀ ಅದೇ ವರ್ಷ ದ್ರೋಹದ ಆರೋಪಕ್ಕೆ ಸಿಲುಕಿ 1618ರಲ್ಲಿ ಅದೇ ಗತಿಯನ್ನು ಕಂಡನು. ಎಸೆಕ್ಸನ ದ್ರೋಹದ ವಿವರವನ್ನು ರಾಣಿಯ ಅಪ್ಪಣೆಯಂತೆ ಬರೆದ ಬೇಕನ್, ಜೇಮ್ಸನ ಕಾಲದಲ್ಲಿ ಲಾರ್ಡ್ ಚಾನ್ಸಲರ್ ಪದವಿಗೇರಿ, 1621ರಲ್ಲಿ ಲಂಚದ ಆಪಾದನೆಯ ಮೇಲೆ ಎಲ್ಲವನ್ನೂ ಕಳೆದುಕೊಂಡನು. ಅವರೆಲ್ಲರ ಸಂಪತ್ತೂ ಒಂದಲ್ಲ ಒಂದು ಬಗೆಯ ಗುತ್ತಿಗೆಯೇ ಆಗಿತ್ತು.

ತಂದೆ ಸತ್ತಾಗ ಎಸೆಕ್ಸನಿಗೆ ಹತ್ತು ವರ್ಷವೆಂದು ಹೇಳಿದೆನಷ್ಟೆ. ಅವನು ಸತ್ತಾಗ ಅವನ ಮಗ ರಾಬರ್ಟನಿಗೂ ಹತ್ತೇ ವರ್ಷ. ಹೊಸ ದೊರೆ ಜೇಮ್ಸ್ 1604ರಲ್ಲಿ ಆ ಬಾಲಕನಿಗೆ ಅರ್ಲ್ ಪದವಿಯನ್ನು ಹಿಂದಿರುಗಿಸಿದನು. ಮಗನು ತಂದೆಯಂತೆ ತೇಜಸ್ವಿಯಲ್ಲ. ನಿಧಾನಿ, ಸೋಮಾರಿಯೆನಿಸುವಷ್ಟು ಎಚ್ಚರದವನು, ಆಸ್ಥಾನಕ್ಕೆ ಒಗ್ಗದವನು. 1642ರಲ್ಲಿ ಒಂದನೆಯ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ ಯುದ್ಧವಾದಾಗ ಪಾರ್ಲಿಮೆಂಟು ತನ್ನ ಸೈನ್ಯದ ದಂಡನಾಯಕನನ್ನಾಗಿ ಆರಿಸಿದ್ದು ಈ ಮೂರನೆಯ ಎಸೆಕ್ಸನನ್ನು. ಆ ನವೆಂಬರಿನಲ್ಲಿ ದೊರೆಯ ಸೈನ್ಯ ರಾಜಧಾನಿಯ ಹತ್ತಿರಕ್ಕೆ ಬಂದಿತು. ಟರ್ನ್‌ಹ್ಯಾಮ್ ಗ್ರೀನ್ ಬಯಲಿನಲ್ಲಿ ಅದನ್ನು ತಡೆದು ನಿಲ್ಲಿಸಲು ಲಂಡನ್ನಿನ ಅಂಗಡಿಕಾರರೂ ಕಸಬುದಾರರೂ ಸಾವಿರ ಸಾವಿರ ಸಂಖ್ಯೆಯಲ್ಲಿ ಹೊರಬಂದು ಅವನ ಹಿಂದೆ ನಿಂತರು. ದೊರೆ ಹಿಮ್ಮೆಟ್ಟಿದನು.

ನಲವತ್ತೊಂದು ವರ್ಷಗಳ ಹಿಂದೆ ಅದೇ ಬೀದಿಗಳಲ್ಲಿ ತಂದೆ ಕೂಗಿ ಕರೆದಾಗ ಒಬ್ಬನೂ ಬಂದಿರಲಿಲ್ಲ. ತಂದೆಯನ್ನು ಜನ ಪ್ರೀತಿಸಿದ್ದರು. ಮಗನನ್ನು ಅಷ್ಟು ಪ್ರೀತಿಸಿದವರಿಲ್ಲ. ಆದರೆ ತಂದೆ ಕರೆದದ್ದು ತನ್ನ ಕಳೆದುಹೋದ ಒಲವನ್ನು ಮರಳಿ ಪಡೆಯಲು. ಮಗನು ಕರೆದಾಗ ಅದು ಅವರದೇ ಜಗಳವಾಗಿತ್ತು.